ಅರಬೈಲ ಘಟ್ಟದಲ್ಲಿ ನಿಂತ ಮನೆಗಾಡಿ

ತೊಟ್ಟಿಲಿಗೆ ಹಾಕಿದ ಕೂಸಿನ ಕಿವಿಗೆ ಬಾಯಿ ಹಚ್ಚಿ ಕುರ್ರ್ ಎಂದು ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ ಹೆಸರು ಹೇಳುತ್ತಿರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮೆಲ್ಲಗೆ ಅಲ್ಲ, ಚೆನ್ನಾಗಿಯೇ ಗುದ್ದುತ್ತಾರೆ. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ನಾನು ಗುದ್ದದ ಬೆನ್ನಿಲ್ಲ. ಐವತ್ತು ದಾಟಿದರೂ ನನ್ನ ಬೆನ್ನಿಗೆ ಮಾತ್ರ ಒಂದು ಗುದ್ದೂ ಬಿದ್ದಿರಲಿಲ್ಲ. ನನಗಿರುವವನು ಒಬ್ಬನೇ ತಮ್ಮ, ಅವನಿಗೆ ಮಕ್ಕಳಾಗಿರಲಿಲ್ಲ. ನನಗೂ ಆಗಲಿಲ್ಲ. ಆ ಮಾತು ಇಲ್ಲಿಗೆ ಸಾಕು.

ತಮ್ಮ ಗೌರೀಶ ಅಂಕೋಲಾದಲ್ಲಿ ಕಾಲೇಜು ಮಾಸ್ತರ. ಮದುವೆ ತಡವಾಗಿ ಆಯಿತು, ಕೂಸು ಅದಕ್ಕಿಂತ ತಡವಾಗಿ. ಹೆಣ್ಣು ಹುಟ್ಟಿದ ದಿನ ದವಾಖಾನೆಯಿಂದಲೇ ಫೋನು ಮಾಡಿ, "ಅಕ್ಕಾ, ಅವ್ವ ಬಂದಾಳ" ಎಂದ. ನಮ್ಮವ್ವ ನೀಲಕ್ಕ. ಅಪ್ಪ ಸತ್ತ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಇಳಿದವಳು, ದಾಯಾದಿಗಳ ಬಾಯಿ ಮುಚ್ಚಿಸಿ ಇವನನ್ನು ಓದಿಸಿದವಳು. ಇವನಿಗೆ ನೌಕರಿ ಸಿಕ್ಕಿದ್ದನ್ನು ನೋಡಲು ಉಳಿಯಲಿಲ್ಲ. ಕೂಸಿಗೆ ಅವಳ ಹೆಸರೇ ಎಂದು ನಾವಿಬ್ಬರೂ ಆ ಫೋನಿನಲ್ಲೇ ಗಟ್ಟಿ ಮಾಡಿಕೊಂಡೆವು.

ತಮ್ಮನ ಹೆಂಡತಿ ಸೌಂದರ್ಯಾಳ ತವರಿನವರಿಗೆ ಈ ಹೆಸರು ಹಿಡಿಸಲಿಲ್ಲ. ಈಗಿನ ಕಾಲದಲ್ಲಿ ನೀಲಕ್ಕ ಅಂತ ಯಾರು ಇಡುತ್ತಾರೆ ಎಂದರಂತೆ. ಅವರು ಫೋನಿನಲ್ಲಿ ಹುಡುಕಿ ಆರಿಸಿಟ್ಟ ಹೆಸರು ಬೇರೆ ಇತ್ತು. ಗೌರೀಶ ಮೆತ್ತಗಿನವನು, ಬೀಗರೆದುರು ದನಿ ಎತ್ತುವವನಲ್ಲ. "ನೀ ಬಂದು ಕಿವ್ಯಾಗ ಕರದಬಿಡು ಅಕ್ಕಾ, ಆಮ್ಯಾಲ ಯಾರೂ ಏನೂ ಅನ್ನಂಗಿಲ್ಲ" ಎಂದು ನನ್ನ ಮೇಲೆ ಹಾಕಿದ. ಅದು ಖರೆ. ಕಿವಿಯಲ್ಲಿ ಅತ್ತೆ ಕರೆದದ್ದೇ ಹೆಸರು, ಆಮೇಲೆ ಅದನ್ನು ತಿರುವಿ ಹಾಕುವವರಿಲ್ಲ. ನಾನು ಆ ಹೊತ್ತಿಗೆ ಆ ತೊಟ್ಟಿಲ ಮುಂದೆ ಇರಬೇಕು. ಇಷ್ಟೇ ನನ್ನ ಕೆಲಸ.

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಇನ್ನೊಂದು. ಹಿಂದಿನ ದಿನ ಹೊರಟು ಅಲ್ಲಿಯೇ ಉಳಿದರಾಯಿತು ಎಂದೆ ಗಂಡನಿಗೆ. ಬುದ್ಧಿ ಇದ್ದವರು ಹಾಗೆ ಮಾಡುತ್ತಾರೆ. ಆದರೆ ನನ್ನ ಗಂಡನ ಹತ್ತಿರ ಮನೆಗಾಡಿ ಇತ್ತಲ್ಲ.

ನನ್ನ ಗಂಡ ಮಡಿವಾಳೆಪ್ಪ ಜೀವನವಿಡೀ ಕಡಲೆಯ ದಲಾಲಿ ಅಂಗಡಿ ನಡೆಸಿದವರು. ಅಂಗಡಿಯನ್ನು ಮೈದುನನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ, ಜನ ಗಾಡಿಯಲ್ಲೇ ಅಡುಗೆ ಮಾಡಿಕೊಂಡು ಗುಡ್ಡ ಬೆಟ್ಟ ತಿರುಗುವ ವಿಡಿಯೋಗಳನ್ನು ಫೋನಿನಲ್ಲಿ ನೋಡಿ ನೋಡಿ ತಲೆ ಕೆಡಿಸಿಕೊಂಡರು. ಹುಬ್ಬಳ್ಳಿಯಿಂದ ಒಂದು ಹಳೆಯ ಸ್ಕೂಲ್ ಬಸ್ಸು ತಂದು ಸೀಟು ಕಿತ್ತು ಹಾಕಿಸಿದರು. ಒಳಗೆ ಮಂಚ ಬಂತು, ಗ್ಯಾಸಿನ ಒಲೆ ಬಂತು, ಮೇಲೆ ನೀರಿನ ಟಾಕಿ ಬಂತು, ಮೂಲೆಯಲ್ಲಿ ಕೂತರೆ ಮೊಣಕಾಲು ಬಾಗಿಲಿಗೆ ಬಡಿಯುವಂಥ ಒಂದು ಸಂಡಾಸೂ ಬಂತು. ಪರದೆ ಹೊಲಿದವಳು ನಾನೇ. ಹಳದಿ ಬಣ್ಣದ ಮೇಲೆ ಬಿಳಿ ಹೊಡೆಸಿದ್ದರು, ಮಳೆ ಬಿದ್ದಾಗ ಹಿಂಭಾಗದಲ್ಲಿ ಶಾಲೆಯ ಹೆಸರು ಇಣುಕುತ್ತಿತ್ತು. ಓಣಿಯ ಮಂದಿ ಚಪ್ಪಲಿ ಕಳಚಿ ಒಳಗೆ ಬಂದು ನೋಡಿ ಹೋಗುತ್ತಿದ್ದರು. ಅವರು ಚಪ್ಪಲಿ ಕಳಚುವುದನ್ನು ನೋಡಿ ನನ್ನ ಗಂಡ ಉಬ್ಬುತ್ತಿದ್ದರು. ಆ ಗಾಡಿ ಅಲ್ಲಿಯವರೆಗೆ ಹೋಗಿ ಬಂದದ್ದು ಯಮನೂರಿಗೆ ಮತ್ತು ಹುಬ್ಬಳ್ಳಿಗೆ ಮಾತ್ರ, ಅದೂ ಅಂಗೈಯಂಥ ಸಪಾಟು ಹಾದಿಯಲ್ಲಿ.

ಇಷ್ಟೇ ಆಗಿದ್ದರೆ ನಾನು ಹಟ ಮಾಡಿ ಬಸ್ಸಿಗೇ ಎಳೆದುಕೊಂಡು ಹೋಗುತ್ತಿದ್ದೆ. ಆದರೆ ಸೌಂದರ್ಯಾಳ ಅಣ್ಣ ಹೇಮಂತ ಒಂದು ಮಾತು ಆಡಿದ್ದ. ಅವನು ಹುಬ್ಬಳ್ಳಿಯಲ್ಲಿ ಗುತ್ತಿಗೆದಾರ, ಎತ್ತರದ ಕಾರಿನಲ್ಲಿ ಓಡಾಡುವವನು. ಬಸುರಿ ಸೌಂದರ್ಯಾಳಿಗೆ ಹುಬ್ಬಳ್ಳಿಯ ತವರಿನಲ್ಲಿ ಕುಬಸ ಮಾಡಿದ ದಿನ ನಾವು ಈ ಗಾಡಿಯಲ್ಲಿ ಹೋಗಿ ಇಳಿದಾಗ ಅವನು ಒಂದು ಸುತ್ತು ಹಾಕಿ, ಟಾಯರಿಗೆ ಕಾಲಿನಿಂದ ಒದ್ದು ನೋಡಿ, ನೂರು ಮಂದಿಯ ಮುಂದೆ ಕೇಳಿದ: "ಮಾಮಾರ, ಇದು ಘಟ್ಟಾ ಇಳೀತೈತೋ, ಉಳ್ಳತೈತೋ?" ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ತೊಟ್ಟಿಲು ಅಂಕೋಲಾದಲ್ಲೇ ಆದರೂ ಇದರಲ್ಲೇ ಬರುತ್ತೇವೆ ನೋಡುತ್ತಿರು ಎಂದರು. ಅವರ ಕಿವಿ ಕೆಂಪಾದದ್ದನ್ನು ನಾನೊಬ್ಬಳೇ ನೋಡಿದೆ. ಕುಬಸ ಮುಗಿಸಿ ಅವಳು ಅಂಕೋಲಾಕ್ಕೆ ಮರಳಿದ ಮೇಲೆ ಡಾಕ್ಟರು ಮತ್ತೆ ಘಟ್ಟ ಹತ್ತುವುದು ಬೇಡ ಎಂದದ್ದರಿಂದ ಬಾಣಂತನ ತವರಿನ ಬದಲು ಅಂಕೋಲಾದಲ್ಲೇ ಆಯಿತು, ಅವಳ ತಾಯಿ, ನಮ್ಮ ಬೀಗಿತ್ತಿಯೇ ಅಲ್ಲಿಗೆ ಹೋಗಿ ಕೂತರು. ಹೀಗೆ ನನ್ನ ಗಂಡ ಆಡಿದ ಮಾತು ಅವರ ಕೊರಳಿಗೇ ಬಿತ್ತು.

ಹಿಂದಿನ ದಿನ ನಾಷ್ಟಾ ಮುಗಿಸಿ ಹೊರಟೆವು. ಕಲಘಟಗಿ ದಾಟಿದ್ದೇ ತಡ, ಫ್ಯಾನ್ ಬೆಲ್ಟು ಹರಿಯಿತು. ಅದನ್ನು ತರಿಸಿ ಹಾಕಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾನು ಗೊಣಗಿದರೆ, "ಕೆಟ್ರ ಕೆಡವಲ್ದ್ಯಾಕ, ಮನ್ಯಾಗಽ ಅದೇವಲ್ಲ" ಎಂದು ಮಂಚದ ಮೇಲೆ ಕಾಲು ಚಾಚಿದರು. ಯಲ್ಲಾಪುರ ಮುಟ್ಟಿದಾಗ ಸಂಜೆ. ಇನ್ನೇನು, ನಾಳೆ ಘಟ್ಟ ಇಳಿದರೆ ಅಂಕೋಲಾ ಎಂದು ಪೆಟ್ರೋಲ್ ಪಂಪಿನ ಬಾಜು ಗಾಡಿ ನಿಲ್ಲಿಸಿ ಮಲಗಿಬಿಟ್ಟರು.

ಮರುದಿನ ನಸುಕಿನಲ್ಲೇ ಎದ್ದು ಗಾಡಿಯೊಳಗೇ ಜಳಕ ಮಾಡಿ ರೇಷ್ಮೆ ಸೀರೆ ಉಟ್ಟೆ. ಇಳಿದವಳೇ ನೆಟ್ಟಗೆ ತೊಟ್ಟಿಲಿನ ಹತ್ತಿರ ಹೋಗಬೇಕು ಎಂಬ ಲೆಕ್ಕ ನನ್ನದು. ಹೆಸರಿಡುವ ಶಾಸ್ತ್ರ ಮಾಡಿಸುವ ಅಯ್ಯನವರು ಮಧ್ಯಾಹ್ನದೊಳಗೆ ಶಿರಸಿಗೆ ಹೋಗುವವರಿದ್ದರು. ಅವ್ವನ ಇಳಕಲ್ಲ ಸೀರೆಯ ಒಂದು ತುಂಡಿನಿಂದ ಕೂಸಿಗೆ ತಲೆ ಬೆಚ್ಚಗಿಡುವ ಕುಂಚಿಗೆ ಹೊಲಿದಿದ್ದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಮನಸ್ಸಿನಲ್ಲಿ ನೀಲಕ್ಕ, ನೀಲಕ್ಕ ಎಂದು ಅಂದುಕೊಳ್ಳುತ್ತಲೇ ಇದ್ದೆ. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನಮ್ಮ ಕಡೆ ಇಳಿಜಾರು ಎಂದರೆ ರೈಲು ಹಳಿಯ ಮೇಲಿನ ಸೇತುವೆ ಒಂದೇ. ಅದರ ನೆತ್ತಿಗೆ ಹೋದೊಡನೆ ಎಲ್ಲರೂ ಗಾಡಿಯನ್ನು ನ್ಯೂಟ್ರಲ್ ಮಾಡಿ ಉಳಿದ ಹಾದಿಯನ್ನು ಪುಕ್ಕಟೆ ಇಳಿಯುತ್ತಾರೆ. ಟ್ರ್ಯಾಕ್ಟರಿನವನಿಂದ ಹಿಡಿದು ನನ್ನ ಗಂಡನವರೆಗೆ ಇದೇ ಚಾಳಿ. ಅರಬೈಲ ಘಟ್ಟ ಶುರುವಾಗುವಲ್ಲಿ ಗೇರಿನಲ್ಲೇ ಇಳಿಸಿರಿ ಎಂದು ಹಲಗೆ ಬರೆದು ನಿಲ್ಲಿಸಿದ್ದರು. ಓದಿ ಹೇಳಿದೆ. ಅದು ಲಾರಿಯವರಿಗೆ ಎಂದರು. ನ್ಯೂಟ್ರಲ್ ಹಾಕಿ ಬ್ರೇಕಿನ ಮೇಲೆ ಕಾಲಿಟ್ಟು, ಡೀಸೆಲ್ಲಿಲ್ಲದೆ ಹೆಂಗ ಹೊಂಟೈತಿ ನೋಡು ಎಂದು ಬೀಗಿದರು. ನಾಲ್ಕು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ. ಕಾದ ಬ್ರೇಕು ಹಿಡಿಯುತ್ತಿರಲಿಲ್ಲ. ಗುಡ್ಡದ ಮಗ್ಗುಲಿಗೆ ತಿಕ್ಕಿಸಿ ಹೇಗೋ ನಿಲ್ಲಿಸಿದರು. ಇಳಿದು ನೋಡಿದರೆ ಹಿಂದಿನ ಗಾಲಿಯಿಂದ ಹೊಗೆ.

ಸುಮ್ಮನೆ ಬಿಟ್ಟಿದ್ದರೆ ಆರುತ್ತಿತ್ತಂತೆ. ಆಮೇಲೆ ಗ್ಯಾರೇಜಿನವನು ಅದನ್ನೇ ಹೇಳಿದ. ಆದರೆ ನನ್ನ ಗಂಡ ಬೆಳೆದದ್ದು ಬಡಿಗೇರ ಮನೆಯ ಬಾಜು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗ ಅದನ್ನು ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ಕೊಡಗಟ್ಟಲೆ ನೀರು ಹೊಯ್ಯುತ್ತಾರೆ. ಹಳಿ ಚೊಂಯ್ ಎಂದು ಬಿಗಿದು ಕೂರುತ್ತದೆ. ಕಬ್ಬಿಣ ಕಾಯಿತೆಂದರೆ ನೀರು ಹೊಯ್ಯಬೇಕು, ಇದು ಅಣ್ಣಿಗೇರಿಯ ಯಾವ ಗಂಡಸಿಗೆ ಕೇಳಿದರೂ ಹೇಳುವ ಮಾತು. ಇವರು ಟಾಕಿಯಿಂದ ಬಕೆಟ್ಟು ತುಂಬಿಸಿ ಆ ಕಾದ ಬ್ರೇಕಿನ ಡ್ರಮ್ಮಿನ ಮೇಲೆ ಸುರಿದರು. ಟಣ್ ಎಂದು ಸಪ್ಪಳವಾಯಿತು. ಡ್ರಮ್ಮು ಈ ಕಡೆಯಿಂದ ಆ ಕಡೆಗೆ ಸೀಳಿ ನಿಂತಿತು. ಹಾದು ಹೋಗುತ್ತಿದ್ದ ಲಾರಿಯವನೊಬ್ಬ ಬಗ್ಗಿ ನೋಡಿ, ಹೊಸದು ಹಾಕದೆ ಇದನ್ನು ಒಂದು ಗೇಣೂ ಸರಿಸಬೇಡಿ ಎಂದು ಹೇಳಿ ಹೋದ.

ಅಲ್ಲಿ ಫೋನು ಹತ್ತುತ್ತಿರಲಿಲ್ಲ. ಮೇಲಿನ ತಿರುವಿನಲ್ಲಿ ಸಿಗ್ನಲ್ ಇದೆ ಎಂದು ಲಾರಿಯವನು ಹೇಳಿದ್ದ. ರೇಷ್ಮೆ ಸೀರೆ ಎತ್ತಿ ಹಿಡಿದು ಹತ್ತಿ ನೋಡಿದೆ, ನನ್ನ ಫೋನಿಗೆ ಅಲ್ಲೂ ಸಿಗಲಿಲ್ಲ. ಇವರ ಫೋನಿನ ಕಂಪನಿ ಬೇರೆ, ಇವರಿಗೆ ಸಿಕ್ಕಿತು. ಮೊದಲು ಯಲ್ಲಾಪುರದ ಗ್ಯಾರೇಜಿನ ಇಮಾಮುದ್ದೀನನಿಗೆ ಮಾತಾಡಿದರು. ಆಮೇಲೆ ನನ್ನನ್ನು ಕೆಳಗೆ ಕಳಿಸಿದರು, ಒಲೆ ಮೇಲೆ ಚಹಾ ಇಡು, ಗೌರೀಶನಿಗೆ ನಾನೇ ಹೇಳಿ ಬರುತ್ತೇನೆ ಎಂದು.

ನಾನು ಕೆಳಗಿಳಿಯುವುದಕ್ಕೂ ಹುಬ್ಬಳ್ಳಿಯಿಂದ ಅಂಕೋಲಾದ ಮೇಲೆ ಕಾರವಾರಕ್ಕೆ ಹೋಗುವ ಬಸ್ಸು ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಕೈ ಮಾಡಿದೆ. ಕಂಡಕ್ಟರು ಒಳ್ಳೆಯವನು, ಇಂಥ ಜಾಗದಲ್ಲೂ ನಿಲ್ಲಿಸಿದ. ಕುಂಚಿಗೆಯ ಚೀಲ ಹೆಗಲಿಗೆ ಹಾಕಿ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಆಗ ಇವರು ಫೋನು ಎತ್ತಿ ಹಿಡಿದು ಮೇಲಿನಿಂದ ಓಡಿ ಬಂದರು.

"ದಾನವ್ವಾ, ಇಳಿ. ಗೌರೀಶನ ಜೋಡಿ ಮಾತಾಡೇನಿ, ಎಲ್ಲಾ ಹೇಳೇನಿ. ನೀ ಬರೂತನಾ ಕೂಸಿನ ತೊಟ್ಟಲಕ್ಕ ಹಾಕಂಗಿಲ್ಲಂತ."

"ಅಯ್ಯನಾರು?" ಎಂದೆ.

"ಅವರೂ ನಿಂದರತಾರಂತ. ನಿನ್ನ ಬಿಟ್ಟು ಹೆಂಗ ಮಾಡ್ತಾರ? ಇಳಿ, ನೀ ಒಬ್ಬಾಕಿ ಹೋಗಿ ಇಳದ್ರ ಮಂದಿ ಏನಂದಾರು."

ಕಂಡಕ್ಟರು ಬಾಗಿಲು ಬಡಿದು, ಹತ್ತುವವರೋ ಇಳಿಯುವವರೋ ಎಂದು ಕೇಳಿದ. ನಾನು ಇಳಿದೆ. ಗಂಡನ ಮಾತು ನಂಬಿ ಇಳಿದೆ. ಆ ಮೆಟ್ಟಿಲಿನ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಡ್ರಮ್ಮು ಯಲ್ಲಾಪುರದಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬರಬೇಕಾಯಿತು. ಕಾಯುತ್ತ ಕೂತೆವು. ಘಟ್ಟ ನೋಡಲು ಬಂದ ಹುಡುಗ ಹುಡುಗಿಯರು ಕಾರು ನಿಲ್ಲಿಸಿ, ಅಂಕಲ್, ಇದು ನಿಮ್ಮ ಮನೆಯೇ ಎಂದು ಕೇಳಿದರು. ಅಷ್ಟು ಸಾಕಾಯಿತು ನನ್ನ ಗಂಡನಿಗೆ. ಗಾಡಿ ಕೆಟ್ಟು ನಿಂತಿದೆ ಎಂಬುದನ್ನೇ ಮರೆತವರಂತೆ ಮಂಚ ತೋರಿಸಿದರು, ಟಾಕಿ ತೋರಿಸಿದರು, ಸಂಡಾಸಿನ ಬಾಗಿಲು ತೆಗೆದು ತೋರಿಸಿದರು. ಅವರಿಗೆಲ್ಲ ನನ್ನಿಂದ ಚಹಾ ಮಾಡಿಸಿದರು. ತಮ್ಮನ ಮಗಳಿಗೆ ಹೆಸರಿಡಲು ಉಟ್ಟ ಸೀರೆಯಲ್ಲಿ ನಾನು ರಸ್ತೆಯ ಮೇಲೆ ನಿಂತು ಗುರುತಿಲ್ಲದವರಿಗೆ ಚಹಾ ಸೋಸಿದೆ. ಒಬ್ಬ ಹುಡುಗಿ ವಿಡಿಯೋ ಮಾಡುತ್ತ, ನೀವು ಎಷ್ಟು ಲಕ್ಕಿ ಆಂಟಿ ಎಂದಳು. ಅವಳ ಕಪ್ಪಿಗೂ ಚಹಾ ಸುರಿದೆ.

ಹೊತ್ತು ನೆತ್ತಿಗೆ ಬಂದಾಗ ಇನ್ನೊಮ್ಮೆ ಫೋನು ಮಾಡಿರಿ ಎಂದೆ. ಮೇಲೆ ಹೋಗಿ ಬಂದರು, ಕಾಯುತ್ತಿದ್ದಾರೆ ಎಂದರು. ಅಯ್ಯನವರ ಮಾತೆತ್ತಿದರೆ, ಆಗಲೇ ಹೇಳಿದೆನಲ್ಲ ಎಂದು ರೇಗಿದರು. ನಡುವೆ ಇನ್ನೆರಡು ಬಸ್ಸು ಹೋದವು. ಎಲ್ಲರೂ ಕಾಯುತ್ತಿದ್ದಾರಲ್ಲ ಎಂದು ನಾನೂ ಕೈ ಮಾಡಲಿಲ್ಲ. ಇಮಾಮುದ್ದೀನ ಟೆಂಪೋದಲ್ಲಿ ಡ್ರಮ್ಮು ತಂದು ಕೂರಿಸಿ ಮುಗಿಸುವಷ್ಟರಲ್ಲಿ ನೆರಳು ಗುಡ್ಡದ ಆ ಕಡೆಗೆ ಹೊರಳಿತ್ತು.

ಗೌರೀಶನ ಮನೆಯ ಮುಂದೆ ಇಳಿದಾಗ ಪೆಂಡಾಲಿನಲ್ಲಿ ಕುರ್ಚಿ ಪೇರಿಸುತ್ತಿದ್ದರು. ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಸಪ್ಪಳ. ಬೀಗಿತ್ತಿ ಬಾಗಿಲಿಗೆ ಬಂದು, ಈಗ ಬಂದ್ರೇನ್ರಿ ಎಂದು ಕೇಳಿ ನೀರಿನ ತಂಬಿಗೆ ಕೊಟ್ಟರು. ಪಡಸಾಲೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು, ಹೂವಿನ ಸರ ಬಾಡಿತ್ತು. ಒಳಗೆ ಕೂಸು ಮಲಗಿತ್ತು. ಹಣೆಯಲ್ಲಿ ಅವ್ವನ ಹಾಗೇ ಒಂದು ಗೆರೆ.

ತೊಟ್ಟಿಲಿನ ಬಾಜು ನಮ್ಮ ಕಾಕಾನ ಮಗಳು ಗೌರಕ್ಕ ಕೂತಿದ್ದಳು. ನನ್ನ ಮುಖ ನೋಡಲಿಲ್ಲ. "ಗೌರೀಶ ಕರಿ ಅಂದ, ಕರದೆ ಅಕ್ಕಾ" ಎಂದಳು. ಏನೆಂದು ಕರೆದೆ ಎಂದು ಕೇಳಿದೆ. ತೊಟ್ಟಿಲಿನ ಬಾಡಿದ ಹೂವು ಕೀಳುತ್ತ, ರಿಶಿಕಾ ಎಂದಳು, ಬೀಗರು ಆರಿಸಿಟ್ಟ ಹೆಸರು.

ಗೌರೀಶ ಒಳಗಿನಿಂದ ಬಂದ. ಹುಟ್ಟಿದಾಗಿನಿಂದ ನನಗೆ ನೀನು ಎನ್ನುವವನು, ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದ ತಮ್ಮ. "ಬರ್ರಿ ಅಕ್ಕಾರ. ಝರಿ ಚಲೋ ಇತ್ತೇನ್ರಿ?" ಎಂದ.

ಯಾವ ಝರಿ ಎಂದೆ.

"ಮಾಮಾರು ಫೋನ್ ಮಾಡಿ ಹೇಳಿದ್ರಲ್ಲ. ನಿಮ್ಮಕ್ಕ ಯಲ್ಲಾಪುರದ ಬಾಜೂಕಿನ ಮಾಗೋಡ ಝರಿ ನೋಡೇ ಬರೂದು ಅಂತ ಹಟಾ ಹಿಡದಾಳ, ತಡಾ ಆಗ್ತೈತಿ, ನಮ್ಮ ಹಾದಿ ನೋಡಬ್ಯಾಡ್ರಿ, ನೀವು ಮುಗಿಸಿಬಿಡ್ರಿ ಅಂತ. ಎಲ್ಲಾರೂ ಕೇಳ್ಯಾರ, ಫೋನು ಜೋರಿಟ್ಟಿದ್ದೆ. ಅವ್ವನ ಹೆಸರಕಿಂತ ನಿಮಗ ಝರಿ ಹೆಚ್ಚಾತು. ಹಂಗಿದ್ರ ಆ ಹೆಸರಽ ಬ್ಯಾಡ ಅಂತ ನಾನಽ ಅಂದೆ."

ಗಾಡಿ ಕೆಟ್ಟಿತ್ತು, ಡ್ರಮ್ಮು ಒಡೆದಿತ್ತು, ಮುಂಜಾನೆಯಿಂದ ಘಟ್ಟದಲ್ಲಿ ಬಿದ್ದಿದ್ದೆವು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ನಂಬಲಿಲ್ಲ. ಕೆಟ್ಟಿದ್ದರೆ ಒಂದು ಮಾತು ಹೇಳಬಹುದಿತ್ತಲ್ಲ, ಹೇಮಂತಣ್ಣ ಕಾರು ತಂದು ಒಂದು ತಾಸಿನಲ್ಲಿ ನಿಮ್ಮನ್ನು ಇಲ್ಲಿ ಇಳಿಸುತ್ತಿದ್ದ, ಅಯ್ಯನವರು ಅಷ್ಟು ಹೊತ್ತು ಇಲ್ಲೇ ಇದ್ದರು ಎಂದ. ಆಗ ನನಗೆ ಎಲ್ಲ ತಿಳಿಯಿತು. ಬಸ್ಸಿನಿಂದ ನನ್ನನ್ನು ಇಳಿಸಿದ್ದು ಯಾಕೆ ಎಂಬುದೂ ತಿಳಿಯಿತು. ನಾನು ಬಸ್ಸಿನಲ್ಲಿ ಬಂದು ಇಳಿದಿದ್ದರೆ ಹೇಮಂತ ಮೊದಲು ಕೇಳುವ ಮಾತು, ಮನೆಗಾಡಿ ಎಲ್ಲಿ ಎಂದು.

ಅಂಗಳದಲ್ಲಿ ಇವರು ಗಾಡಿಯ ಹಿಂಬಾಗಿಲು ತೆಗೆದು ನಿಂತಿದ್ದರು. ಬಾಜು ಹೇಮಂತ, ಟಾಯರಿನ ಮೇಲೆ ಕೈಯಿಟ್ಟುಕೊಂಡು. ಗೌರೀಶ ಬಾಗಿಲಿನಿಂದಲೇ ಕೇಳಿದ: "ಮಾಮಾರ, ಹಾದ್ಯಾಗ ಗಾಡಿ ಕೆಟ್ಟಿತ್ತೇನ್ರಿ?"

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ಬೇರೇನೂ ಬೇಡ, ಹೌದು ಎಂದು ಒಂದು ಮಾತು. ಹೆಸರು ಹೋದದ್ದು ಹೋಗಲಿ, ತಮ್ಮನಾದರೂ ನನಗೆ ಉಳಿಯಲಿ. ಅವರು ಹೇಮಂತನ ಕಡೆ ಹೊರಳಿದರು.

"ಏ, ಕೆಡೂದೆಲ್ಲೀದು? ಹೂವಿನ್ಹಾಂಗ ಇಳದು ಬಂದೈತಿ."

ಭಾರೀ ಐತಿ ಬಿಡ್ರಿ ಮಾಮಾರ ಎಂದ ಹೇಮಂತ. ಗೌರೀಶ ನನ್ನನ್ನು ಇನ್ನೊಮ್ಮೆ ನೋಡಲಿಲ್ಲ, ಒಳಗೆ ಹೋದ.

ಇಮಾಮುದ್ದೀನನಿಗೆ ಫೋನು ಹಚ್ಚಿ ಎಲ್ಲರ ಮುಂದೆ ಮಾತಾಡಿಸಬಹುದಿತ್ತು. ಹೊಸ ಡ್ರಮ್ಮನ್ನು ತೋರಿಸಬಹುದಿತ್ತು. ಯಾಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಗಂಡ ಸುಳ್ಳ ಎಂದು ಬೀಗರ ಅಂಗಳದಲ್ಲಿ ನಿಂತು ಸಾಕ್ಷಿ ಕರೆಸುವುದೆಂದರೆ ನನ್ನ ಕೊರಳು ನಾನೇ ಹಿಸುಕಿಕೊಂಡಂತೆ. ಅಷ್ಟು ಮಾಡಿದರೂ ಕಿವಿಯಲ್ಲಿ ಕರೆದ ಹೆಸರು ತಿರುಗಿ ಬರುತ್ತಿರಲಿಲ್ಲ. ಕುಂಚಿಗೆಯನ್ನು ಬೀಗಿತ್ತಿಯ ಕೈಗೆ ಕೊಟ್ಟೆ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಹಳೇದಾದ್ರೂ ಮೆತ್ತಗೈತಿ ಎಂದು ಮಡಿಚಿ ಒಳಗಿಟ್ಟರು. ಹೋಳಿಗೆ ಬಡಿಸಿದರು. ಎಲೆಯಲ್ಲೇ ಬಿಟ್ಟು ಎದ್ದೆ.

ಕೈ ತೊಳೆಯುವಲ್ಲಿ ಇವರು ಹಿಂದೆ ಬಂದು ನಿಂತು ಪಿಸುಗುಟ್ಟಿದರು. ಹೆಸರಿನಲ್ಲೇನಿದೆ, ನಾವಿಬ್ಬರೂ ನಮ್ಮ ಮನೆಯಲ್ಲಿ ನೀಲಕ್ಕ ಅಂತಲೇ ಕರೆಯೋಣ ಎಂದರು. ಅವರ ಮುಖದಲ್ಲಿ ದೊಡ್ಡ ಉಪಾಯ ಹುಡುಕಿದ ಸಮಾಧಾನವಿತ್ತು. ಇಷ್ಟು ವರ್ಷ ಇವರ ಜೊತೆ ಬಾಳಿದ್ದೇನೆ. ಆ ಹೊತ್ತಿನಲ್ಲಿ ಬಂದಂಥ ಅಸಹ್ಯ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಮುಂಜಾನೆ ಸೌಂದರ್ಯಾ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, ರಿಶಿಕಾ, ಅತ್ತೀನ ನೋಡು ಎಂದಳು. ಕೂಸು ಕಣ್ಣು ಬಿಟ್ಟು ನೋಡಿತು. ನಾನೂ ರಿಶಿಕಾ ಎಂದೇ ಕರೆದೆ. ಅದರದೇನು ತಪ್ಪು. ಗೌರೀಶ ಸ್ನಾನಕ್ಕೆ ಹೋದವನು ನಾನು ಚೀಲ ಕಟ್ಟುವವರೆಗೂ ಹೊರಗೆ ಬರಲಿಲ್ಲ.

ಹೊರಗೆ ಗಾಡಿ ಚಾಲೂ ಆಗಿತ್ತು. ಹೇಮಂತ ಮತ್ತು ಇನ್ನೂ ನಾಲ್ಕು ಮಂದಿ ಬೀಳ್ಕೊಡಲು ನಿಂತಿದ್ದರು. ನಾನು ಗಾಡಿಯನ್ನು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಇವರು ಇಳಿದು ಬೆನ್ನು ಹತ್ತಿ ಬಂದರು. ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಸ್ಟ್ಯಾಂಡಿನಿಂದ ಹೊರಬಿದ್ದಿತ್ತು, ಕೈ ಮಾಡಿದೆ.

"ದಾನವ್ವಾ, ಹೇಮಂತ ನೋಡಾಕಹತ್ಯಾನ" ಎಂದರು ಹಲ್ಲು ಕಚ್ಚಿ. "ಎಲ್ಲಿಗೆ ಹೋದ್ಲು ಅಂತ ಕೇಳಿದ್ರ ನಾ ಏನ ಹೇಳ್ಲಿ?"

ನಾನು ಮೆಟ್ಟಿಲು ಹತ್ತಿದೆ.

"ಝರಿ ನೋಡಾಕ ಹೋದ್ಲು ಅಂತ ಹೇಳ್ರಿ."